ತೆಂಗಿನ ತೋಟಗಳಲ್ಲಿ ಮಾಗಿ ಕಾಲದ ಹೊದಿಕೆ ಬೆಳೆಗಳ ನಿರ್ವಹಣೆ

ರಾಜ್ಯದ ದಕ್ಷಿಣ ಒಳನಾಡಿನ ತುಮಕೂರು, ಹಾಸನ, ಚಿತ್ರದುರ್ಗ ಮತ್ತು ಮಂಡ್ಯ ಜಿಲ್ಲೆಗಳಲ್ಲಿ ಹಾಗೂ ಚಿಕ್ಕಮಗಳೂರು ಜಿಲ್ಲೆಯ ಬಯಲು ತಾಲ್ಲೂಕುಗಳಲ್ಲಿ ತೆಂಗು ಪ್ರಮುಖ ತೋಟಗಾರಿಕೆ ಬೆಳೆಯಾಗಿರುತ್ತದೆ. ತಿಪಟೂರು, ಅರಸೀಕೆರೆ ಭಾಗದ ಬಹುಪಾಲು ಕುಟುಂಬಗಳ ಜೀವನವು ಉಂಡೆ ಕೊಬ್ಬರಿಯನ್ನೇ ಅವಲಂಬಿಸಿದೆ. ಈ ಭಾಗದಲ್ಲಿ ವರ್ಷದ ಮಳೆಯ ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ನವೆಂಬರ್ ಕಳೆದ ಮೇಲೆ ಮುಂಗಾರು ಪೂರ್ವ ಮಳೆ ಬರುವವರೆಗೆ ಸುಮಾರು ಐದು ತಿಂಗಳ ಕಾಲ ಭೂಮಿಯಲ್ಲಿ ಉಳಿದಿರುವ ತೇವಾಂಶ ಮತ್ತು ಕೊಳವೆ ಬಾವಿಯ ನೀರು ಇವೆರಡೇ ಮರಕ್ಕೆ ಆಧಾರ.

ಹಿಂಗಾರು ಮಳೆಯ ತೇವಾಂಶದಲ್ಲಿ ಮರಗಳ ನಡುವಿನ ಖಾಲಿ ಜಾಗದಲ್ಲಿ ದ್ವಿದಳ ಜಾತಿಯ ಬೆಳೆಯನ್ನು ಬೆಳೆಸಿ, ಹೂ ಬಿಡುವ ವೇಳೆಗೆ ಅದನ್ನು ಕೊಯ್ದು ಮಣ್ಣಿಗೆ ಮರಳಿಸುವ ಪದ್ಧತಿಗೆ ಮಾಗಿ ಕಾಲದ ಹೊದಿಕೆ ಬೆಳೆ ಎನ್ನಲಾಗುತ್ತದೆ. ಈ ಪದ್ಧತಿಯಿಂದ ಮಣ್ಣು ಕೊಚ್ಚಿಹೋಗುವುದು ತಪ್ಪುತ್ತದೆ, ಸಾವಯವ ಅಂಶ ಹೆಚ್ಚುತ್ತದೆ, ಸಾರಜನಕ ದೊರೆಯುತ್ತದೆ. ಆದರೆ ಹೊದಿಕೆ ಬೆಳೆ ಹಾಕಿದ ವರ್ಷ ಮರಗಳು ಸೊರಗಿದವು, ಹರಳು ಉದುರಿದವು ಎಂಬ ದೂರನ್ನೂ ಕೆಲವು ರೈತರು ಹೇಳುವುದುಂಟು. ಈ ಎರಡೂ ಮಾತುಗಳು ನಿಜವೇ. ಇವುಗಳ ನಡುವಿನ ವ್ಯತ್ಯಾಸಕ್ಕೆ ಕಾರಣ ಬೆಳೆಯ ಜಾತಿಯಲ್ಲ, ಬೀಜದ ಪ್ರಮಾಣವೂ ಅಲ್ಲ. ಬೆಳೆಯನ್ನು ಕೊಯ್ದ ದಿನಾಂಕ. ಈ ಲೇಖನದಲ್ಲಿ ಆ ವಿಷಯಕ್ಕೆ ಹೆಚ್ಚಿನ ಗಮನ ನೀಡಲಾಗಿದೆ.

ತೋಟದಲ್ಲಿ ಬೇರು ಇರುವ ಜಾಗ, ಇಲ್ಲದ ಜಾಗ

ಬೆಳೆದ ತೆಂಗಿನ ಮರದ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ 2 ಮೀಟರ್ ವ್ಯಾಪ್ತಿಯೊಳಗೆ, ಮೇಲ್ಮಣ್ಣಿನ ಒಂದು ಅಡಿಯ ಕೆಳಗಿನಿಂದ ಸುಮಾರು ನಾಲ್ಕು ಅಡಿ ಆಳದವರೆಗೆ ಹರಡಿರುತ್ತವೆ. 9 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 50 ಮರಗಳಿದ್ದು, ಒಂದು ಮರದ ಪಾಲಿಗೆ 81 ಚದರ ಮೀಟರ್ ಜಾಗ ಬರುತ್ತದೆ. ಇದರಲ್ಲಿ 2 ಮೀಟರ್ ತ್ರಿಜ್ಯದ ಪಾತಿಯು ಆವರಿಸುವುದು 12.5 ಚದರ ಮೀಟರ್ ಮಾತ್ರ. ಉಳಿದ ಆರರಲ್ಲಿ ಐದು ಪಾಲಿಗೂ ಹೆಚ್ಚಿನ ಜಾಗ ಬರಿದಾಗಿರುತ್ತದೆ, ಇಲ್ಲವೇ ಕಳೆಯಿಂದ ತುಂಬಿರುತ್ತದೆ.

ಈ ಜಾಗವನ್ನು ವರ್ಷಕ್ಕೆ ನಾಲ್ಕೈದು ಬಾರಿ ಉತ್ತು ನುಣ್ಣಗೆ ಇಡುವ ವಾಡಿಕೆ ಅನೇಕ ಗ್ರಾಮಗಳಲ್ಲಿದೆ. ತೋಟ ಹಸನಾಗಿದ್ದರೆ ಒಡೆಯನು ಶ್ರಮಜೀವಿ ಎಂಬ ಭಾವನೆಯೂ ಇದರೊಂದಿಗೆ ಬೆಳೆದುಬಂದಿದೆ. ಹಿಂಗಾರು ಮುಗಿದೊಡನೆ ಒಮ್ಮೆ ಹಗುರವಾಗಿ ಕುಂಟೆ ಹೊಡೆದು ಮೇಲ್ಮಣ್ಣನ್ನು ಹುಡಿ ಮಾಡುವುದರಿಂದ ಕೆಳಗಿನ ತೇವಾಂಶ ಆರಿಹೋಗುವುದು ಕಡಿಮೆಯಾಗುತ್ತದೆ. ಆದುದರಿಂದ ಹಿರಿಯರ ಮಾಗಿ ಉಳುಮೆಯಲ್ಲಿ ಅರ್ಥವಿಲ್ಲವೆಂದು ಹೇಳಲಾಗದು. ಆದರೆ ಟ್ರ್ಯಾಕ್ಟರಿನ ರೋಟವೇಟರ್‌ನಿಂದ ಪದೇ ಪದೇ ಉಳುವುದು ಬೇರೆಯೇ ಮಾತು. ಇದರಿಂದ ಪಾತಿಯಾಚೆ ಚಾಚಿರುವ ಬೇರುಗಳು ತುಂಡಾಗುತ್ತವೆ. ಸಾವಯವ ಅಂಶ ಬೇಗನೆ ಕರಗಿಹೋಗುತ್ತದೆ. ಸೆಪ್ಟೆಂಬರ್ ತಿಂಗಳ ಜೋರು ಮಳೆಗೆ ಸಡಿಲ ಮಣ್ಣು ಇಳಿಜಾರಿನತ್ತ ಹರಿದುಹೋಗುತ್ತದೆ. ಮಣ್ಣು ಪರೀಕ್ಷಾ ವರದಿಯಲ್ಲಿ ಸಾವಯವ ಇಂಗಾಲವು ಶೇ. 0.5ಕ್ಕಿಂತ ಕಡಿಮೆ ಇದ್ದಲ್ಲಿ ಅದನ್ನು ಕಡಿಮೆ ಎಂದು ವರ್ಗೀಕರಿಸಲಾಗುತ್ತದೆ. ಬಯಲು ಸೀಮೆಯ ಕೆಂಪು ಮರಳು ಮಿಶ್ರಿತ ಭೂಮಿಗಳು ಸಾಮಾನ್ಯವಾಗಿ ಈ ವರ್ಗಕ್ಕೇ ಸೇರುತ್ತವೆ.

ಬೆಳೆಯ ಆಯ್ಕೆ ಮತ್ತು ಬಿತ್ತನೆ

ಮಳೆಯಾಶ್ರಿತ ತೋಟಗಳಿಗೆ ಹುರುಳಿ ಅತ್ಯಂತ ಸೂಕ್ತವಾದ ಬೆಳೆ. ಇದು ಬರ ಸಹಿಷ್ಣು, ಬಡ ಭೂಮಿಯಲ್ಲಿಯೂ ಬರುತ್ತದೆ, ನೆಲಕ್ಕೆ ಹರಡಿಕೊಂಡು ಬೆಳೆಯುತ್ತದೆ, ಬೀಜವು ಮನೆಯಲ್ಲಿಯೇ ದೊರೆಯುತ್ತದೆ. ಎಕರೆಗೆ 10 ರಿಂದ 12 ಕಿ.ಗ್ರಾಂ. ಬಿತ್ತನೆ ಬೀಜ ಸಾಕು. ಹನಿ ನೀರಾವರಿ ಅಥವಾ ನಾಲೆ ನೀರಿನ ಸೌಲಭ್ಯವಿರುವಲ್ಲಿ ಸೆಣಬನ್ನು ಎಕರೆಗೆ 20 ಕಿ.ಗ್ರಾಂ.ನಂತೆ, ಅಥವಾ ಅಲಸಂದೆಯನ್ನು 10 ರಿಂದ 12 ಕಿ.ಗ್ರಾಂ.ನಂತೆ ಬಿತ್ತಬಹುದು. ನೀರು ನಿಲ್ಲುವ ಹಾಗೂ ಸ್ವಲ್ಪ ಚೌಳು ಇರುವ ಜಮೀನಿಗೆ ಡಯಾಂಚ ಹೊಂದಿಕೊಳ್ಳುತ್ತದೆ. ಬಳ್ಳಿಯಾಗಿ ಮರ ಹತ್ತುವ ಜಾತಿಗಳನ್ನು ಎಳೆಯ ಸಸಿಗಳಿರುವ ತೋಟದಲ್ಲಿ ಬೆಳೆಯದಿರುವುದು ಒಳ್ಳೆಯದು. ವಾರಕ್ಕೊಮ್ಮೆ ಬಳ್ಳಿ ಬಿಡಿಸುವಷ್ಟು ಕೂಲಿಯಾಳು ಇಂದು ಯಾವ ಗ್ರಾಮದಲ್ಲಿಯೂ ಸುಲಭವಾಗಿ ಸಿಗುವುದಿಲ್ಲ.

ಮರಗಳ ವಯಸ್ಸನ್ನೂ ಗಮನಿಸಬೇಕು. ನೆಟ್ಟ ಸುಮಾರು 8 ವರ್ಷಗಳವರೆಗೆ ಮತ್ತು 20 ವರ್ಷಗಳ ನಂತರ ತೋಟದೊಳಗೆ ಸಾಕಷ್ಟು ಬಿಸಿಲು ಬೀಳುತ್ತದೆ. ನಡುವಿನ ಅವಧಿಯಲ್ಲಿ ಗರಿಗಳು ಕೂಡಿಕೊಂಡು ನೆರಳು ದಟ್ಟವಾಗಿರುವುದರಿಂದ ಬೆಳೆ ಬಡಕಲಾಗುತ್ತದೆ. ಅಂತಹ ತೋಟದಲ್ಲಿ ಬೀಜಕ್ಕೆ ಹಣ ವ್ಯಯಿಸುವ ಬದಲು ಬದುವಿನ ಮೇಲೆ ಗ್ಲಿರಿಸಿಡಿಯ ನೆಟ್ಟು ಅದರ ಸೊಪ್ಪನ್ನು ಬಳಸುವುದು ಲಾಭದಾಯಕ.

ಬಿತ್ತನೆಗೆ ಹಸ್ತ ಹಾಗೂ ಚಿತ್ತಾ ಮಳೆಗಳು, ಎಂದರೆ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮೂರನೆಯ ವಾರದವರೆಗಿನ ಅವಧಿ, ಪ್ರಶಸ್ತವಾದುದು. ಸ್ವಾತಿ ಮಳೆಗೂ ಬಿತ್ತಬಹುದಾದರೂ ಬೆಳವಣಿಗೆ ಕಡಿಮೆಯಾಗುತ್ತದೆ. ವಿಶಾಖಾ ಮಳೆಯವರೆಗೆ ಕಾದು ಬಿತ್ತುವುದು ತರವಲ್ಲ. ಒಂದು ಬಾರಿ ಹಗುರ ಉಳುಮೆ ಮಾಡಿ, ಕೂರಿಗೆಯಿಂದ ಅಥವಾ ಕೈಯಿಂದ ಚೆಲ್ಲಿ ಬಿತ್ತಿ ಕುಂಟೆ ಎಳೆಯುವುದು. ತೋಟದಲ್ಲಿ ಆ ಜಾತಿಯ ಬೆಳೆಯನ್ನು ಮೊದಲ ಬಾರಿಗೆ ಬಿತ್ತುವುದಾದರೆ ಬೀಜವನ್ನು ರೈಜೋಬಿಯಂ ಜೀವಾಣು ಗೊಬ್ಬರದಿಂದ ಉಪಚರಿಸತಕ್ಕದ್ದು. ಆರಿದ ಬೆಲ್ಲದ ಪಾಕದಲ್ಲಿ ಎಕರೆ ಬೀಜಕ್ಕೆ 200 ಗ್ರಾಂ. ಜೀವಾಣು ಗೊಬ್ಬರವನ್ನು ಕಲಸಿ ಬೀಜಕ್ಕೆ ಲೇಪಿಸಿ ನೆರಳಿನಲ್ಲಿ ಒಣಗಿಸಿ ಅದೇ ದಿನ ಬಿತ್ತುವುದು. ತಿಂಗಳಾದ ಮೇಲೆ ನಾಲ್ಕಾರು ಗಿಡಗಳನ್ನು ಮಣ್ಣು ಸಮೇತ ಅಗೆದು ಬೇರಿನ ಗಂಟುಗಳನ್ನು ಉಗುರಿನಿಂದ ಸೀಳಿ ನೋಡಿದರೆ ಒಳಗೆ ಗುಲಾಬಿ ಬಣ್ಣವಿರಬೇಕು. ಬೆಳ್ಳಗೆ ಅಥವಾ ಬೂದು ಬಣ್ಣದಲ್ಲಿದ್ದರೆ ಗಾಳಿಯ ಸಾರಜನಕ ಸ್ಥಿರೀಕರಣಗೊಳ್ಳುತ್ತಿಲ್ಲ ಎಂದು ತಿಳಿಯಬೇಕು.

ಮಳೆಯಾಶ್ರಿತ ತೋಟದಲ್ಲಿ ಪಾತಿಯೊಳಗೆ ಬಿತ್ತಕೂಡದು. ಅಲ್ಲಿರುವ ತೇವಾಂಶವು ಮರಕ್ಕೇ ಸೇರಬೇಕು. ಮುಂಗಾರಿನಲ್ಲಿ ಪಾತಿಗೆ 100 ಗ್ರಾಂ. ಅಲಸಂದೆ ಬೀಜ ಹಾಕಿ ಸೊಪ್ಪು ಬೆಳೆಸುವ ಪದ್ಧತಿ ಇದೆ. ಅದು ಮುಂದೆ ಮಳೆ ಇರುವ ಕಾಲಕ್ಕೆ ಸರಿಯಾದದ್ದು, ಮಾಗಿಗೆ ಅನ್ವಯಿಸುವುದಿಲ್ಲ.

ಕಟಾವಿನ ದಿನಾಂಕ

ಹೊದಿಕೆ ಬೆಳೆಯು ನೀರು ಕುಡಿಯದೆ ಬೆಳೆಯುವುದಿಲ್ಲ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಅದು ಕುಡಿಯುವ ನೀರಿನಲ್ಲಿ ಬಹುಭಾಗವನ್ನು ಮಳೆಯೇ ತುಂಬಿಕೊಡುತ್ತದೆ. ಮಳೆ ನಿಂತ ಮೇಲೆ ಕುಡಿಯುವ ಪ್ರತಿ ಹನಿಯೂ ಬೇಸಿಗೆಗೆಂದು ಭೂಮಿ ಇಟ್ಟುಕೊಂಡಿರುವ ಸಂಗ್ರಹದಿಂದ ಹೋಗುತ್ತದೆ.

ಇದನ್ನು ಲೆಕ್ಕ ಮಾಡಿ ನೋಡಬಹುದು. ಒಂದು ಚದರ ಮೀಟರ್ ಜಾಗದಿಂದ 1 ಮಿ.ಮೀ. ತೇವಾಂಶ ಹೋದರೆ ಅದು 1 ಲೀಟರ್ ನೀರಿಗೆ ಸಮ. ಪಾತಿ ಬಿಟ್ಟು ಒಂದು ಮರದ ಪಾಲಿನ ಜಾಗ ಸುಮಾರು 68 ಚದರ ಮೀಟರ್. ಚೆನ್ನಾಗಿ ಬೆಳೆದು ನಿಂತ ಬೆಳೆ ದಿನಕ್ಕೆ 2 ಮಿ.ಮೀ. ತೇವಾಂಶ ಹೀರಿದರೂ ಆ ಜಾಗದಿಂದ ದಿನಕ್ಕೆ ಸುಮಾರು 135 ಲೀಟರ್ ನೀರು ಖರ್ಚಾಗುತ್ತದೆ. ಕೊಯ್ಯಬೇಕಾದ ದಿನಕ್ಕಿಂತ 20 ದಿನ ತಡವಾದರೆ 2,700 ಲೀಟರ್ ಆಯಿತು. ಬೇಸಿಗೆಯಲ್ಲಿ ತೆಂಗಿಗೆ ನಾಲ್ಕು ದಿನಗಳಿಗೊಮ್ಮೆ 200 ಲೀಟರ್ ನೀರು ಕೊಡುವಂತೆ ಶಿಫಾರಸು ಇರುವುದರಿಂದ, ಇದು ಒಂದು ಮರಕ್ಕೆ 50 ದಿನಗಳಿಗೂ ಮೀರಿ ಒದಗಬಹುದಾದ ನೀರು. ಮರಗಳ ನಡುವಿನ ನೀರೆಲ್ಲವೂ ಮರಕ್ಕೆ ದಕ್ಕುತ್ತಿತ್ತು ಎಂದಲ್ಲ. ಆದರೆ ಕೊಳವೆ ಬಾವಿ ಬತ್ತಿದ ವರ್ಷ ಪಾತಿಯಾಚೆಗೆ ಚಾಚಿದ ಬೇರುಗಳು ಹುಡುಕಿಕೊಂಡು ಹೋಗುವುದು ಈ ನೀರನ್ನೇ. 2010ರ ದಶಕದ ಬರ ವರ್ಷಗಳಲ್ಲಿ ಬಯಲು ಸೀಮೆಯ ತೋಟಗಳಲ್ಲಿ ಸುಳಿ ಬಾಗಿ ಒಣಗಿಹೋದ ಮರಗಳನ್ನು ಕಂಡ ರೈತರಿಗೆ ಈ ಲೆಕ್ಕವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನೊಂದು ಸಂಗತಿಯಿದೆ. ತೆಂಗಿನ ಹೊಂಬಾಳೆಯ ಮೊಳಕೆಯು ಅದು ಹೊರಗೆ ಕಾಣಿಸಿಕೊಳ್ಳುವುದಕ್ಕೆ ಸುಮಾರು ಎರಡೂವರೆ ವರ್ಷ ಮೊದಲೇ ಮರದ ಸುಳಿಯೊಳಗೆ ರೂಪುಗೊಂಡಿರುತ್ತದೆ. ಹೊಂಬಾಳೆ ಬಿರಿದ ಮೇಲೆ ಕಾಯಿ ಬಲಿಯಲು ಮತ್ತೊಂದು ವರ್ಷ ಬೇಕು. ಆದುದರಿಂದ ಒಂದು ಬೇಸಿಗೆಯಲ್ಲಿ ನೀರಿನ ಕೊರತೆಯಾದರೆ ಅದರ ಪರಿಣಾಮವು ಆ ವರ್ಷ ಹರಳು ಉದುರುವುದಕ್ಕೆ ಮುಗಿಯದೆ ಮುಂದಿನ ಎರಡು ಮೂರು ವರ್ಷಗಳ ಇಳುವರಿಯಲ್ಲಿ ಕಾಣುತ್ತದೆ. ತಡವಾಗಿ ಕೊಯ್ದ ತಪ್ಪು ಕಣ್ಣಿಗೆ ಬೀಳುವ ಹೊತ್ತಿಗೆ ಅದು ಯಾವ ವರ್ಷದ ತಪ್ಪು ಎಂಬುದೇ ಮರೆತಿರುತ್ತದೆ.

ಬಿತ್ತಿದ 45 ರಿಂದ 50 ದಿನಗಳಲ್ಲಿ, ಅಲ್ಲಲ್ಲಿ ಹೂ ಕಾಣಿಸಿಕೊಂಡ ಕೂಡಲೇ ಕಟಾವು ಮಾಡುವುದು ಸಾಮಾನ್ಯ ನಿಯಮ. ಈ ಹಂತದಲ್ಲಿ ಸೊಪ್ಪಿನಲ್ಲಿ ಸಾರಜನಕ ಹೆಚ್ಚು, ಕಾಂಡ ಮೃದು. ಸೆಣಬು ಈ ಹಂತ ದಾಟಿದರೆ ನಾರು ಬಲಿತು ಕೊಳೆಯುವುದು ನಿಧಾನವಾಗುತ್ತದೆ. ಚಿತ್ತಾ ಮಳೆಗೆ ಬಿತ್ತಿದ ಬೆಳೆ ನವೆಂಬರ್ ಕೊನೆಗೆ, ಹೆಚ್ಚೆಂದರೆ ಡಿಸೆಂಬರ್ ಮೊದಲ ವಾರಕ್ಕೆ ಕಟಾವಿಗೆ ಬರುತ್ತದೆ. ಮಳೆಯಾಶ್ರಿತ ತೋಟದಲ್ಲಿ ಬೆಳೆ ಎಷ್ಟೇ ಎಳೆಯದಿರಲಿ, ಡಿಸೆಂಬರ್ ಮಧ್ಯಭಾಗ ದಾಟಗೊಡಬಾರದು.

ಹೂ ಬರುವ ಮೊದಲೇ ಮಳೆ ನಿಂತುಹೋದ ವರ್ಷ ದಿನಾಂಕವನ್ನು ನೆಚ್ಚದೆ ಮಣ್ಣನ್ನು ನೋಡಬೇಕು. ಮರಗಳ ನಡುವೆ ಒಂದು ಅಡಿ ಆಳದವರೆಗೆ ಗುದ್ದಲಿಯಿಂದ ಅಗೆದು ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತುವುದು. ಉಂಡೆಯಾಗಿ ನಿಂತು ಬೆರಳಿನಿಂದ ತಟ್ಟಿದಾಗ ಒಡೆದರೆ ಇನ್ನೂ ವಾರ ಕಾಯಬಹುದು. ಉಂಡೆ ಕಟ್ಟದೆ ಉದುರಿದರೆ ಅಂದೇ ಕೊಯ್ಯತಕ್ಕದ್ದು. ಮೊಣಕಾಲೆತ್ತರಕ್ಕೂ ಬರದ ಬೆಳೆಯನ್ನು ಕೊಯ್ಯಲು ಮನಸ್ಸು ಬಾರದಿರುವುದು ಸಹಜ. ಆದರೆ ನೆಲದಲ್ಲಿ ತೇವವಿಲ್ಲದ ಮೇಲೆ ಅದು ಇನ್ನು ಬೆಳೆಯುವುದಿಲ್ಲ, ಹೀರುತ್ತಾ ನಿಂತಿರುತ್ತದೆ ಅಷ್ಟೇ.

ಕಾಳಿಗಾಗಿ ಬಿಟ್ಟ ಹುರುಳಿ

ಹುರುಳಿ ಬಿತ್ತಿದ ಅನೇಕರು ಅದನ್ನು ಕಾಳು ಬಲಿಯುವವರೆಗೆ ಬಿಟ್ಟು, ಜನವರಿಯಲ್ಲಿ ಬೇರುಸಹಿತ ಕಿತ್ತು ಕಣಕ್ಕೆ ಸಾಗಿಸುತ್ತಾರೆ. ಕಾಳು ಮನೆಗೆ, ಹೊಟ್ಟು ದನಕ್ಕೆ. ಇದು ತಪ್ಪಲ್ಲ, ಬೇಸಿಗೆಯಲ್ಲಿ ದನಗಳಿಗೆ ಹುರುಳಿ ಹೊಟ್ಟು ದೊಡ್ಡ ಆಸರೆ. ಆದರೆ ಇದನ್ನು ಹೊದಿಕೆ ಬೆಳೆಯೆಂದು ತಿಳಿದು ಗೊಬ್ಬರ ಕಡಿಮೆ ಮಾಡುವುದು ತಪ್ಪು. ಕಾಳು, ಹೊಟ್ಟು, ಬೇರಿನ ಗಂಟು ಎಲ್ಲವೂ ತೋಟದಿಂದ ಹೊರಹೋದ ಮೇಲೆ ಮಣ್ಣಿಗೆ ಉಳಿಯುವುದು ಅತ್ಯಲ್ಪ. ನೀರಿನ ಖರ್ಚು ಮಾತ್ರ ಪೂರ್ತಿ. ಮೇವಿನ ಅಗತ್ಯವಿರುವ ಕುಟುಂಬಗಳು ಒಂದು ಸಾಲು ಬಿಟ್ಟು ಒಂದು ಸಾಲಿನ ನಡುವಿನ ಬೆಳೆಯನ್ನು ಹೂವಿನಲ್ಲಿ ಕೊಯ್ದು ಮಣ್ಣಿಗೆ ಸೇರಿಸಿ, ಉಳಿದುದನ್ನು ಕಾಳಿಗೆ ಬಿಡಬಹುದು. ಕಾಳಿನ ಬೆಳೆಯನ್ನೂ ಕೀಳದೆ ಕುಡುಗೋಲಿನಿಂದ ನೆಲಮಟ್ಟಕ್ಕೆ ಕೊಯ್ದರೆ ಬೇರು ಮಣ್ಣಿನಲ್ಲಿಯೇ ಉಳಿಯುತ್ತದೆ. ಮುಂದಿನ ವರ್ಷ ಈ ಎರಡು ಭಾಗಗಳನ್ನು ಅದಲುಬದಲು ಮಾಡಿಕೊಳ್ಳುವುದು.

ಕೊಯ್ದ ಸೊಪ್ಪಿನ ಬಳಕೆ

ಮಣ್ಣಿನಲ್ಲಿ ಸಾಕಷ್ಟು ಹಸಿ ಇದ್ದಾಗ ಮಾತ್ರ ಸೊಪ್ಪನ್ನು ಉತ್ತು ಮಣ್ಣಿಗೆ ಸೇರಿಸಬೇಕು. ಒಣ ಮಣ್ಣಿಗೆ ಸೇರಿದ ಸೊಪ್ಪು ಕೊಳೆಯುವುದಿಲ್ಲ, ಗೆದ್ದಲಿಗೆ ಆಹಾರವಾಗುತ್ತದೆ. ಉಳುಮೆಯಿಂದ ಇದ್ದ ತೇವವೂ ಆರುತ್ತದೆ. ಮಾಗಿಯಲ್ಲಿ ಕೊಯ್ದ ಸೊಪ್ಪಿಗೆ ಹೆಚ್ಚಿನ ತೋಟಗಳಲ್ಲಿ ಸರಿಯಾದ ಜಾಗವೆಂದರೆ ಪಾತಿಯ ಮೇಲ್ಭಾಗ. ಬುಡದಿಂದ ಒಂದು ಅಡಿ ಬಿಟ್ಟು ಪಾತಿಯ ತುಂಬ 10 ರಿಂದ 15 ಸೆಂ.ಮೀ. ದಪ್ಪಕ್ಕೆ ಹರಡಿ, ಅದರ ಮೇಲೆ ಒಣ ಗರಿಗಳನ್ನು ತುಂಡರಿಸಿ ಮುಚ್ಚುವುದು. ಕಾಯಿಸಿಪ್ಪೆ ಇದ್ದವರು ಅದನ್ನು ಒಳಮೈ ಕೆಳಗಾಗಿ ಜೋಡಿಸಿದರೆ ತೇವ ಇನ್ನಷ್ಟು ಕಾಲ ನಿಲ್ಲುತ್ತದೆ. ಪಾತಿಗೆ ಸಾಲದಷ್ಟು ಸೊಪ್ಪು ಬಂದ ವರ್ಷ ಎಲ್ಲ ಪಾತಿಗಳಿಗೂ ತೆಳುವಾಗಿ ಹಂಚುವುದಕ್ಕಿಂತ ಎತ್ತರದ, ಬೇಗ ಒಣಗುವ ಭಾಗದ ಮರಗಳಿಗೆ ದಪ್ಪಗೆ ಹಾಕುವುದು ಮೇಲು.

ಅಣಬೆ ರೋಗ ಕಾಣಿಸಿಕೊಂಡಿರುವ ತೋಟಗಳಲ್ಲಿ ಉಳುಮೆಯನ್ನು ಆದಷ್ಟೂ ಬಿಟ್ಟು ಕೊಯ್ದು ಹರಡುವ ಕ್ರಮವನ್ನೇ ಅನುಸರಿಸತಕ್ಕದ್ದು. ಈ ರೋಗವು ಮಣ್ಣಿನಲ್ಲಿ ಬೇರಿನಿಂದ ಬೇರಿಗೆ ಹರಡುತ್ತದೆ. ಉಳುಮೆಯಿಂದ ಗಾಯಗೊಂಡ ಬೇರು ಹಾಗೂ ಮರದಿಂದ ಮರಕ್ಕೆ ಹಾಯಿಸುವ ನೀರು ಇದಕ್ಕೆ ದಾರಿ ಮಾಡಿಕೊಡುತ್ತವೆ.

ತಾನಾಗಿ ಉದುರುವ ಕಾಯಿಗಳನ್ನು ಆಯ್ದು ಕೊಬ್ಬರಿಗೆ ಇಡುವವರಿಗೆ ದಟ್ಟ ಹೊದಿಕೆಯಲ್ಲಿ ಕಾಯಿ ಕಾಣದೆ ಹೋಗುವ ತೊಂದರೆಯಿದೆ. ಹಾವಿನ ಭಯದಿಂದ ಕೂಲಿಯಾಳುಗಳು ಒಳಗೆ ಬರಲು ಹಿಂಜರಿಯುವುದೂ ಉಂಟು. ಮರದ ಸಾಲಿನ ಎರಡೂ ಬದಿಗೆ ಓಡಾಡುವಷ್ಟು ದಾರಿಯನ್ನು ಬಿತ್ತದೆ ಬಿಟ್ಟರೆ ಎರಡೂ ತಪ್ಪುತ್ತವೆ. ಒಣಗಿದ ಹೊದಿಕೆಗೆ ಫೆಬ್ರವರಿ, ಮಾರ್ಚ್‌ನಲ್ಲಿ ಬೆಂಕಿ ತಗಲುವ ಅಪಾಯವಿರುವುದರಿಂದ ರಸ್ತೆಯಂಚಿನ ತೋಟಗಳಲ್ಲಿ ಬೇಲಿಯುದ್ದಕ್ಕೂ ಎರಡು ಮೀಟರ್ ಪಟ್ಟಿಯನ್ನು ಬರಿದಾಗಿ ಇಡುವುದು.

ಬೀಜ ದೊರೆಯದ ವರ್ಷ ತಾನಾಗಿ ಹುಟ್ಟಿದ ಕಳೆಯನ್ನೇ ಹೊದಿಕೆಯಾಗಿ ಬಳಸಬಹುದು. ಹೂ ಬಿಡುವ ಮೊದಲು ಕೊಚ್ಚಬೇಕೆಂಬ ನಿಯಮ ಅದಕ್ಕೂ ಅನ್ವಯಿಸುತ್ತದೆ, ಪಾರ್ಥೇನಿಯಂಗೆ ಇನ್ನೂ ಕಟ್ಟುನಿಟ್ಟಾಗಿ.

ರಸಗೊಬ್ಬರದಲ್ಲಿ ಎಷ್ಟು ಉಳಿತಾಯ

ಫಲ ಬಿಡುವ ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ. ಸಾರಜನಕ, 320 ಗ್ರಾಂ. ರಂಜಕ ಮತ್ತು 1,200 ಗ್ರಾಂ. ಪೊಟ್ಯಾಷ್ ಶಿಫಾರಸು ಮಾಡಲಾಗಿದೆ. ಹಸಿ ದ್ವಿದಳ ಸೊಪ್ಪಿನಲ್ಲಿ ಸಾಮಾನ್ಯವಾಗಿ ಶೇ. 0.5ರಷ್ಟು ಸಾರಜನಕವಿರುತ್ತದೆ ಎಂದು ಹಿಡಿದರೆ, ಪಾತಿಗೆ ಹಾಕಿದ 20 ಕಿ.ಗ್ರಾಂ. ಸೊಪ್ಪಿನಿಂದ 100 ಗ್ರಾಂ. ದೊರೆಯುತ್ತದೆ, ಅಂದರೆ ಐದನೆಯ ಒಂದು ಭಾಗ. ರಂಜಕ ಮತ್ತು ಪೊಟ್ಯಾಷ್ ವಿಷಯ ಹಾಗಲ್ಲ. ಹೊದಿಕೆ ಬೆಳೆ ಇವನ್ನು ಗಾಳಿಯಿಂದ ತರಲಾರದು, ಮಣ್ಣಿನಲ್ಲಿದ್ದುದನ್ನೇ ಎತ್ತಿ ಮತ್ತೆ ಮಣ್ಣಿಗೆ ಕೊಡುತ್ತದೆ. ತೆಂಗಿಗೆ ಅತಿ ಹೆಚ್ಚು ಬೇಕಾಗಿರುವುದೇ ಪೊಟ್ಯಾಷ್. ಆದುದರಿಂದ ಸೊಪ್ಪು ಹಾಕಿದ್ದೇವೆಂದು ಪೊಟ್ಯಾಷನ್ನು ನಿಲ್ಲಿಸಕೂಡದು.

ಕರಾವಳಿ ಮತ್ತು ಮಲೆನಾಡಿಗೆ

ಮೇಲಿನ ವೇಳಾಪಟ್ಟಿ ಬಯಲು ಸೀಮೆಗೆ ಮಾತ್ರ ಸಂಬಂಧಿಸಿದೆ. ಕರಾವಳಿಯಲ್ಲಿ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿದ್ದು ಮುಗಿಯುವುದರಿಂದ ಅಲ್ಲಿ ಹೊದಿಕೆ ಬೆಳೆಯನ್ನು ಮುಂಗಾರಿನ ಆರಂಭದಲ್ಲಿ ಬಿತ್ತಿ, ಮಳೆ ಕಡಿಮೆಯಾಗುವ ವೇಳೆಗೆ ಕೊಯ್ದು ಮಾಗಿಗೆ ಒಣ ಹೊದಿಕೆಯಾಗಿ ಬಳಸಲಾಗುತ್ತದೆ. 2.7 ಮೀಟರ್ ಅಂತರದ ಅಡಿಕೆ ತೋಟದಲ್ಲಿ ಮೊದಲ ಕೆಲವು ವರ್ಷಗಳ ನಂತರ ನೆರಳಿನಿಂದಾಗಿ ಈ ಬೆಳೆಗೆ ಅವಕಾಶ ಕಡಿಮೆ. ಗೇರು ತೋಟಗಳಲ್ಲಿ ಬೀಜ ಉದುರಲು ತೊಡಗುವ ಮುನ್ನ ಮರದಡಿಯ ನೆಲ ತೆರವಾಗಿರಬೇಕು. ಇಲ್ಲದಿದ್ದರೆ ಆಯುವ ಕೂಲಿಯೇ ಭಾರವಾಗುತ್ತದೆ.

ಬೀಜ ಮತ್ತು ಇತರ ಸೌಲಭ್ಯಗಳಿಗೆ ಅರ್ಜಿ

ಹಸಿರೆಲೆ ಗೊಬ್ಬರದ ಬೀಜಗಳ ವಿತರಣೆಯ ಬಗ್ಗೆ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಲಭ್ಯತೆ ಮತ್ತು ಸಹಾಯಧನವು ಆಯಾ ಸಾಲಿನ ಅನುದಾನವನ್ನು ಅವಲಂಬಿಸಿರುತ್ತದೆ. ಸೆಣಬು ಮತ್ತು ಡಯಾಂಚ ಬೀಜಗಳಿಗೆ ಮುಂಗಾರಿನಲ್ಲಿಯೇ ಹೆಚ್ಚಿನ ಬೇಡಿಕೆ ಇರುವುದರಿಂದ ಮಾಗಿ ಬಿತ್ತನೆಗೆ ಬೇಕಾದವರು ಆಗಸ್ಟ್ ಮುಗಿಯುವುದರೊಳಗೆ ಕೇಳಿಕೊಳ್ಳುವುದು ಸೂಕ್ತ. ಹನಿ ನೀರಾವರಿ ಮುಂತಾದ ತೋಟಗಾರಿಕೆ ಯೋಜನೆಗಳ ಸೌಲಭ್ಯಕ್ಕಾಗಿ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸುವುದು.

ಅರ್ಜಿಯೊಂದಿಗೆ ಪಹಣಿ, ಆಧಾರ್ ಮತ್ತು ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳನ್ನು ಹಾಗೂ ಫ್ರೂಟ್ಸ್ ಗುರುತಿನ ಸಂಖ್ಯೆಯನ್ನು ಸಿದ್ಧವಾಗಿಟ್ಟುಕೊಳ್ಳುವುದು. ಪಹಣಿಯ ಬೆಳೆ ಕಲಮಿನಲ್ಲಿ ತೆಂಗು ನಮೂದಾಗಿದೆಯೇ ಎಂಬುದನ್ನು ಮೊದಲೇ ನೋಡಿಕೊಂಡರೆ ಅಲೆದಾಟ ತಪ್ಪುತ್ತದೆ. ಜಂಟಿ ಖಾತೆಯಾಗಿದ್ದಲ್ಲಿ ಉಳಿದ ಖಾತೆದಾರರ ಒಪ್ಪಿಗೆ ಬೇಕಾಗುವುದೇ ಎಂಬುದನ್ನು ಕಚೇರಿಯಲ್ಲಿ ಕೇಳಿ ತಿಳಿಯುವುದು.

ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವವರು ಗೊಬ್ಬರ ಹಾಕುವ ಮೊದಲು, ಬುಡದಿಂದ ಒಂದು ಮೀಟರ್ ದೂರದಲ್ಲಿ, ಮೇಲಿನ ಒಂದು ಅಡಿ ಹಾಗೂ ಅದರ ಕೆಳಗಿನ ಒಂದು ಅಡಿಯ ಮಣ್ಣನ್ನು ಪ್ರತ್ಯೇಕವಾಗಿ ತೆಗೆಯತಕ್ಕದ್ದು. ಹೊದಿಕೆ ಹಾಕಿರುವ ಪಾತಿಯಾದರೆ ಅರೆಬರೆ ಕೊಳೆತ ಸೊಪ್ಪನ್ನು ಪಕ್ಕಕ್ಕೆ ಸರಿಸಿದ ನಂತರವೇ ಅಗೆಯುವುದು. ಬಿತ್ತಿದ ಮತ್ತು ಕೊಯ್ದ ದಿನಾಂಕಗಳನ್ನು ವರ್ಷವಾರು ಬರೆದಿಟ್ಟುಕೊಂಡವರು, ಮರಗಳು ಸೊರಗಿದ ಬಗ್ಗೆ ಸಲಹೆ ಕೇಳಲು ಕಚೇರಿಗಾಗಲಿ, ಅರಸೀಕೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರಕ್ಕಾಗಲಿ, ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಬರುವಾಗ ಹಿಂದಿನ ಮೂರು ವರ್ಷಗಳ ಆ ಬರಹವನ್ನು ಜೊತೆಯಲ್ಲಿ ತರುವುದು.